ಕೊಳೆತ ಮೊಟ್ಟೆ, ಬಣ್ಣದ ಬೆಳ್ಳಿ

ಬಾಗಿಲು ತೆರೆದ ಡೆಲ್ಮರ್ ಪ್ರಾಕ್‌ನೌನ ಗಡ್ಡದಲ್ಲಿ ಮೊಟ್ಟೆಯ ಹಳದಿ ಅಂಟಿಕೊಂಡಿತ್ತು.

“ಓಹೋ, ಮಿಸ್! ಶನಿವಾರ ಬೆಳಿಗ್ಗೆ ನನ್ನ ಮನೆ ಬಾಗಿಲಿಗೆ! ಪಾಪಿ ಮನೆಗೂ ಒಂದ್ಸಲ ಪುಣ್ಯ ಕಾಲಿಡುತ್ತೆ ಅಂತಾರಲ್ಲ, ಇದೇ ಇರಬೇಕು.”

ಅವನು ಗಡ್ಡವನ್ನು ಕೈಯಿಂದ ಒರೆಸಿದ, ಕೈಯನ್ನು ಪ್ಯಾಂಟಿಗೆ ಒರೆಸಿದ, ಆಮೇಲೆ ಅದೇ ಕೈಯನ್ನು ನನ್ನತ್ತ ಚಾಚಿದ. ನಾನು ನನ್ನ ಚೀಲವನ್ನು ಎರಡೂ ಕೈಗಳಿಂದ ಹಿಡಿದುಕೊಂಡೆ.

“ನಿನ್ನ ಹತ್ತಿರ ಒಂದು ಮಾತು ಕೇಳಬೇಕಿತ್ತು, ಡೆಲ್ಮರ್.”

“ಒಂದೇನು, ಹತ್ತು ಕೇಳಿ. ಸ್ಕೂಲಲ್ಲಿ ನೀವು ಕೇಳಿದ್ದಕ್ಕೆ ಒಂದಕ್ಕೂ ಉತ್ತರ ಕೊಟ್ಟೋನಲ್ಲ ನಾನು.”

ವರ್ಲಿನ್ ಹ್ಯಾಕ್‌ಬಾರ್ತ್ ತನ್ನ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಸತ್ತು ಮೂರು ವಾರವಾಗಿತ್ತು. ಅವನ ಬೀರುವಿನಲ್ಲಿ ಸಾಲಾಗಿಟ್ಟಿದ್ದ ಬೆಳ್ಳಿ ಡಾಲರುಗಳ ಪೆಟ್ಟಿಗೆಗಳಲ್ಲಿ ಒಂದು, ನಾವು ಗೋಡೆ ಡಾಲರು ಎಂದು ಕರೆಯುವ ನಾಣ್ಯದ್ದು, ಖಾಲಿಯಿತ್ತು. ಆ ಬೀರುವಿನ ಇನ್ನೊಂದು ಕೀಲಿ ಇದ್ದದ್ದು ಅವನ ಮಗಳು ಮಾರ್ಲಿಸ್ ಬಳಿ ಮಾತ್ರ. ಮಾರ್ಲಿಸ್ ನನ್ನ ತೀರಿಹೋದ ತಂಗಿಯ ಮಗಳು. ಅವಳನ್ನು ಇಂದೋ ನಾಳೆಯೋ ಹಿಡಿದುಕೊಂಡು ಹೋಗುತ್ತಾರೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ನನಗೆ ಅವಳನ್ನು ಬಿಟ್ಟರೆ ಯಾರೂ ಇಲ್ಲ.

ಡೆಲ್ಮರನ ಬಳಿಗೆ ನನ್ನನ್ನು ಎಳೆದು ತಂದದ್ದು ಒಂದು ವಾಸನೆ.

ಮಂಗಳವಾರ ನಮ್ಮ ನಾಣ್ಯ ಸಂಘದ ಸಭೆಯಲ್ಲಿ, ನಾಣ್ಯ ವ್ಯಾಪಾರಿಯಾದ ಅವನು ಐದಾರು ಬಣ್ಣದ ಡಾಲರುಗಳನ್ನು ಮೇಜಿನ ಮೇಲೆ ಹರಡಿದ್ದ. ಒಲಿಂಪಿಕ್ಸ್ ನೆನಪಿಗೆ, ಸಂವಿಧಾನದ ನೆನಪಿಗೆ, ಯುದ್ಧದ ನೆನಪಿಗೆ ಎಂದು ಸರ್ಕಾರಿ ಟಂಕಸಾಲೆ ಹೊಡೆದು ಮಾರುವ ಈ ಬೆಳ್ಳಿ ನಾಣ್ಯಗಳು ಅಲ್ಲಿಂದ ಬರುವಾಗ ಹಾಲಿನಷ್ಟು ಬಿಳಿ. ಹಳೆಯ ರಟ್ಟಿನ ಆಲ್ಬಮ್ಮಿನಲ್ಲಿ ದಶಕಗಟ್ಟಲೆ ಮಲಗಿದರೆ ಅಪರೂಪಕ್ಕೆ ಕೆಲವಕ್ಕೆ ಅಂಚಿನಿಂದ ಒಳಕ್ಕೆ ಹೊಂಬಣ್ಣ, ನೇರಳೆ, ನೀಲಿ ಹತ್ತುತ್ತದೆ. ಅಂಥ ನಾಣ್ಯ ಕಂಡರೆ ನಮ್ಮವರು ಹೆಂಡತಿ ಮಕ್ಕಳನ್ನು ಮರೆಯುತ್ತಾರೆ. ಅಂದೂ ಎಲ್ಲರೂ ಬಾಯಿಬಿಟ್ಟು ನೋಡುತ್ತಿದ್ದರು. ನಾನೊಬ್ಬಳು ಮೂಗು ಮುಚ್ಚಿಕೊಂಡೆ. ಡೆಲ್ಮರ್ ಒಂದು ಡಬ್ಬಿಯ ಮುಚ್ಚಳ ತೆಗೆದಾಗ ಎದ್ದ ಗಂಧಕದ, ಕೊಳೆತ ಮೊಟ್ಟೆಯ ವಾಸನೆ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳಿಗೆ ಗೊತ್ತಾಗದೆ ಇರುತ್ತದೆಯೆ?

ನಾಣ್ಯದ ಚರ್ಮವನ್ನೇ ಬದಲಿಸಬಲ್ಲ ಮನುಷ್ಯ ಒಬ್ಬ ಊರಿನಲ್ಲಿದ್ದಾನೆ ಎಂದರೆ, ಕದ್ದ ನಾಣ್ಯ ಇನ್ನೆಲ್ಲಿಗೆ ಹೋದೀತು? ಆ ಯೋಚನೆಯಲ್ಲೇ ನಾಲ್ಕು ದಿನ ನಿದ್ದೆಗೆಟ್ಟು, ಕೊನೆಗೆ ಬಂದು ಅವನ ಹೊಸ್ತಿಲಲ್ಲಿ ನಿಂತಿದ್ದೆ.

“ಅಂಗಡಿ ಕೋಣೇಲಿ ಹೀಟರ್ ಕೆಟ್ಟಿದೆ. ಅಡುಗೆಮನೇಲೇ ಕೂತ್ಕೊಳ್ಳೋಣ ಬನ್ನಿ. ಕಾಫಿ ಬಿಸಿ ಇದೆ.”

ಅಡುಗೆಮನೆಯಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ಉಸಿರು ಎಳೆದೆ, ಎಳೆದದ್ದಕ್ಕೆ ಪಶ್ಚಾತ್ತಾಪಪಟ್ಟೆ.

ಊಟದ ಮೇಜಿನ ಉದ್ದಕ್ಕೂ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳು. ಒಂದೊಂದರಲ್ಲೂ ಬೇಯಿಸಿ ಎರಡು ಹೋಳು ಮಾಡಿದ ಮೊಟ್ಟೆಗಳು. ಅವುಗಳ ಅಂಚಿಗೆ ಹಸಿರು ಬಂದಿತ್ತು. ನಡುವೆ ಬಾಟಲಿಯ ಮುಚ್ಚಳದ ಮೇಲೆ ಕೂರಿಸಿದ ಒಂದೊಂದು ಬೆಳ್ಳಿ ಡಾಲರು. ಕೆಲವು ಇನ್ನೂ ಬಿಳಿ, ಕೆಲವಕ್ಕೆ ಅರಿಸಿನದ ಬಣ್ಣ, ಒಂದು ಆಗಲೇ ಹಳೆಯ ಗಾಯದ ಹಾಗೆ ನೇರಳೆ. ಹೊಗೆ ಹಾಕಿ ಬಾಳೆಕಾಯಿ ಮಾಗಿಸುವವರಿದ್ದಾರಲ್ಲ, ಇವನು ಬೆಳ್ಳಿ ಮಾಗಿಸುತ್ತಿದ್ದ. ಒಂದು ಬೂದು ಬೆಕ್ಕು ಮೇಜಿನ ಮೇಲೇ ಕೂತು ತೆರೆದ ಡಬ್ಬಿಯೊಂದನ್ನು ನೆಕ್ಕುತ್ತಿತ್ತು. ಅದನ್ನು ಓಡಿಸುವ ಬದಲು ಡೆಲ್ಮರ್ ಅದರ ಬೆನ್ನು ಸವರಿದ.

ಮುಚ್ಚಿಡಬೇಕೆಂಬ ನಾಚಿಕೆಯೂ ಅವನಿಗಿರಲಿಲ್ಲ. ನನಗೆ ಅದೇ ಹೆಚ್ಚು ಹೇಸಿಗೆಯಾಯಿತು.

“ಇದನ್ನ ನನ್ನೆದುರಿಗೇ ಇಟ್ಕೊಂಡು ಕೂತಿದ್ದೀಯಲ್ಲ, ಡೆಲ್ಮರ್!”

“ನಿಮ್ಮೆದುರಿಗೆ ಯಾಕೆ ಬಚ್ಚಿಡಲಿ? ಹತ್ತನೇ ಕ್ಲಾಸಲ್ಲಿ ಬೆಳ್ಳಿ ಚಮಚ ತಗೊಂಡು ಮೊಟ್ಟೆ ಹಳದೀಲಿ ಅದ್ದಿ ತೋರಿಸಿದ್ದು ಯಾರು? ನೋಡ್ರಪ್ಪಾ, ಗಂಧಕ ಬೆಳ್ಳೀನ ಹೇಗೆ ಹಿಡ್ಕೊಳ್ಳುತ್ತೆ ಅಂತ. ಇಡೀ ಸ್ಕೂಲಲ್ಲಿ ನನಗೆ ತಲೆಗೆ ಹತ್ತಿದ್ದು ಅದೊಂದೇ ಪಾಠ ಮಿಸ್. ಎಲ್ಲ ನಿಮ್ಮ ಆಶೀರ್ವಾದ.”

“ನಾನು ಕಲಿಸಿದ್ದು ಜನರಿಗೆ ಮೋಸ ಮಾಡೋದನ್ನಲ್ಲ.”

“ಮೋಸ ಎಲ್ಲಿ ಬಂತು? ಮೂವತ್ತು ವರ್ಷ ಆಗೋದನ್ನ ಮೂರು ವಾರದಲ್ಲಿ ಮಾಡ್ತೀನಿ. ಅಷ್ಟು ವರ್ಷ ಕಾಯೋಕೆ ನಮ್ಮ ಸಂಘದೋರಿಗೆ ಆಯಸ್ಸು ಎಲ್ಲಿದೆ ಹೇಳಿ? ಪಾಪ, ಒಬ್ಬೊಬ್ರೂ ಆಮ್ಲಜನಕದ ಸಿಲಿಂಡರ್ ಎಳ್ಕೊಂಡು ಬರ್ತಾರೆ.”

ಅವನು ತನ್ನ ಮಾತಿಗೆ ತಾನೇ ನಕ್ಕು, ಒಂದು ಡಬ್ಬಿಯಿಂದ ಹಸಿರಂಚಿನ ಹೋಳೊಂದನ್ನು ತೆಗೆದು ಉಪ್ಪು ಉದುರಿಸಿ ಬಾಯಿಗೆ ಹಾಕಿಕೊಂಡ.

ನಾನು ಮುಖ ತಿರುಗಿಸಿದೆ.

“ಯಾಕೆ ಮಿಸ್? ತಿನ್ನೋ ಪದಾರ್ಥ ಬಿಸಾಡಬಾರದು ಅಂತ ನಮ್ಮಜ್ಜಿ ಹೇಳೋಳು. ವರ್ಲಿನ್‌ನ ಮಣ್ಣು ಮಾಡಿದ ದಿನ ಚರ್ಚ್‌ನಲ್ಲಿ ಮೊಟ್ಟೆ ಸ್ಯಾಂಡ್‌ವಿಚ್ ತಿಂದ್ರಲ್ಲ, ಎರಡು ತಿಂದ್ರಿ ಅಲ್ವಾ? ಪಾಸ್ಟರಂತೂ ಮನೆಗೂ ಕಟ್ಟಿಸ್ಕೊಂಡು ಹೋದ್ರು. ಅದು ಯಾರು ತಂದಿದ್ದು ಅಂದ್ಕೊಂಡ್ರಿ?”

ನೆನಪಾಯಿತು. ಚರ್ಚಿನ ನೆಲಮಾಳಿಗೆಯ ಉದ್ದನೆಯ ಮೇಜು, ಹಂದಿಮಾಂಸದ ತಟ್ಟೆ, ಆಲೂಗೆಡ್ಡೆಯ ಸಲಾಡು, ಅದರ ಪಕ್ಕದಲ್ಲಿ ತ್ರಿಕೋನವಾಗಿ ಕತ್ತರಿಸಿದ ಸ್ಯಾಂಡ್‌ವಿಚ್ಚುಗಳ ಗುಡ್ಡ. ಸಾಸಿವೆ ಸ್ವಲ್ಪ ಹೆಚ್ಚಾಗಿದೆ ಎಂದು ಮಾರ್ಲಿಸ್ ಹೇಳಿದ್ದಳು. ಆ ಸಾಸಿವೆ ಯಾವ ವಾಸನೆಯನ್ನು ಮುಚ್ಚುತ್ತಿತ್ತು ಎಂಬುದು ಈಗ ತಿಳಿಯಿತು.  ಸತ್ತವನ ಹೆಸರಿನಲ್ಲಿ ನಾವೆಲ್ಲ ಕೂತು, ಕಣ್ಣೊರೆಸಿಕೊಳ್ಳುತ್ತ, ಇವನ ಖೋಟಾ ಕೆಲಸದ ಎಂಜಲನ್ನು ತಿಂದಿದ್ದೆವು.

ಆದರೂ ತಲೆ ಲೆಕ್ಕ ಹಾಕುತ್ತಲೇ ಇತ್ತು. ಸತ್ತವನ ಊಟಕ್ಕೆ ಅಷ್ಟೊಂದು ಮೊಟ್ಟೆ ತಂದಿದ್ದಾನೆ ಎಂದರೆ, ವರ್ಲಿನ್ ಸತ್ತ ವಾರ ಈ ಮೇಜು ತುಂಬಿತ್ತು. ಆ ವಾರ ಇವನು ಏನನ್ನೋ ಮಾಗಿಸುತ್ತಿದ್ದ.

“ವರ್ಲಿನ್ ಬೀರುವಿನಿಂದ ಹೋದ ನಾಣ್ಯ ನಿನ್ನ ಹತ್ತಿರ ಬಂತಾ?” ನೇರವಾಗಿಯೇ ಕೇಳಿದೆ.

“ಯಾವುದು, ಗೋಡೆ ಡಾಲರಾ? ಅಂಥದ್ದು ನನ್ನ ಹತ್ತಿರ ನಾಲ್ಕಿದೆ, ನಿಮ್ಮ ಹತ್ತಿರ ಒಂದಿದೆ. ಟಂಕಸಾಲೆಯೋರು ಲಕ್ಷಗಟ್ಟಲೆ ಹೊಡೆದು ಹಾಕಿದ್ರು. ಯಾವುದು ಯಾರದ್ದು ಅಂತ ಹಣೇಲಿ ಬರ್ದಿರುತ್ತಾ?”

“ವರ್ಲಿನ್ ಸತ್ತ ಶುಕ್ರವಾರ ಸಂಜೆ ನೀನು ಎಲ್ಲಿದ್ದೆ?”

“ಇನ್ನೆಲ್ಲಿ? ಚರ್ಚಿನ ಮೀನೂಟದಲ್ಲಿ. ಊರೆಲ್ಲ ಅಲ್ಲೇ ಇತ್ತು, ನೀವೂ ಇದ್ರಿ.”

“ನಿನ್ನ ಕೋಟು ಕುರ್ಚಿ ಮೇಲಿತ್ತು. ತಟ್ಟೇಲಿ ಮೀನು ತಣ್ಣಗಾಗಿ ಬಿದ್ದಿತ್ತು. ನೀನು ಕಾಣಲಿಲ್ಲ.”

ಬೆಕ್ಕಿನ ಬೆನ್ನ ಮೇಲೆ ಅವನ ಕೈ ಒಂದು ಕ್ಷಣ ನಿಂತಿತು.

“ಸಿಗರೇಟು ಸೇದೋಕೆ ಹೊರಗೆ ಹೋಗಿದ್ದೆ. ಬೇರೆಯೋರ ತಟ್ಟೆ ನೋಡೋ ಚಾಳಿ ನಿಮ್ಮದು ಹೋಗಲೇ ಇಲ್ಲ. ಪರೀಕ್ಷೆ ಕೋಣೇಲೂ ಹಿಂಗೇ ಸುತ್ತೋರು.”

ಅವನು ಕಾಫಿ ಬಗ್ಗಿಸಲು ಎದ್ದ. ಅಷ್ಟರಲ್ಲಿ ನನ್ನ ಕಣ್ಣು ಕಿಟಕಿಯ ಬಳಿಯಿದ್ದ ತಗಡಿನ ತಟ್ಟೆಯ ಮೇಲೆ ಬಿತ್ತು.

ಅದು ಕರಗಿಸಲು ಕಳಿಸುವ ತಟ್ಟೆ. ಎಲ್ಲ ವ್ಯಾಪಾರಿಗಳ ಬಳಿಯೂ ಇರುತ್ತದೆ. ಸೊಟ್ಟಗಾದ ಚಮಚಗಳು, ತುಂಡಾದ ಸರಗಳು, ಮುಖ ಸವೆದ ಅರ್ಧ ಡಾಲರುಗಳು. ಅವುಗಳ ನಡುವಿನಿಂದ ಒಂದು ನೀಲಿ ಅಂಚು ಇಣುಕುತ್ತಿತ್ತು.

ನಮ್ಮ ಸಂಘದವರ ಕಣ್ಣೇ ಹಾಗೆ. ಮುಖಕ್ಕೆ ಕಲೆ ಬಿದ್ದ ನಾಣ್ಯ ನಮಗೆ ನಾಣ್ಯವೇ ಅಲ್ಲ, ತೂಕಕ್ಕೆ ಹಾಕುವ ಲೋಹ. ಅದನ್ನು ತಟ್ಟೆಗೆ ಎಸೆದ ಮೇಲೆ ಮತ್ತೆ ಯಾರೂ ನೋಡುವುದಿಲ್ಲ. ಡೆಲ್ಮರನೂ ನೋಡಿರಲಿಲ್ಲ. ಬಚ್ಚಿಡುವ ಉದ್ದೇಶ ಇದ್ದವನು ಕಿಟಕಿಯ ಬೆಳಕಿನಲ್ಲಿ ಇಡುತ್ತಿದ್ದನೆ? ಇವನು ಅದನ್ನು ಬಚ್ಚಿಟ್ಟಿರಲಿಲ್ಲ, ಹಾಳಾಯಿತೆಂದು ಮರೆತಿದ್ದ.

ಎರಡು ಬೆರಳುಗಳಿಂದ ಅಂಚು ಹಿಡಿದು ಅದನ್ನು ಎತ್ತಿದೆ. ಗೋಡೆ ಡಾಲರು. ವಿಯೆಟ್ನಾಂ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕರಿಗೋಡೆ, ಆ ಗೋಡೆಯತ್ತ ಚಾಚಿ ಒಂದು ಹೆಸರನ್ನು ಮುಟ್ಟುತ್ತಿರುವ ಕೈ, ದೂರದಲ್ಲಿ ಚೂಪು ಗೋಪುರ. ವರ್ಲಿನ್‌ನ ಅಣ್ಣನ ಹೆಸರು ನಿಜವಾದ ಗೋಡೆಯ ಮೇಲಿದೆ. ಅದಕ್ಕೇ ಈ ನಾಣ್ಯವನ್ನು ವರ್ಲಿನ್ ಯಾರ ಕೈಗೂ ಕೊಡುತ್ತಿರಲಿಲ್ಲ. ಕ್ರಿಸ್‌ಮಸ್ ಊಟದ ದಿನ ಸಂಘದವರಿಗೆಲ್ಲ ಡಬ್ಬಿಯೊಳಗಿಟ್ಟೇ ತೋರಿಸಿದ್ದ. ಅಂದು ಅದು ಹಾಲಿನ ಬಿಳುಪು.

ನನ್ನ ಕೈಯಲ್ಲಿದ್ದದ್ದು ನವಿಲಿನ ಕತ್ತಿನ ಬಣ್ಣ. ಕರಿಗೋಡೆಯ ಮೇಲೆ, ಹೆಸರುಗಳನ್ನೆಲ್ಲ ಮುಚ್ಚಿ, ಒಂದು ಹೆಬ್ಬೆರಳಿನ ಗುರುತು ಎದ್ದು ನಿಂತಿತ್ತು.

ಕನ್ನಡಿಯಂಥ ನಾಣ್ಯವನ್ನು ಆಗತಾನೆ ಮುಟ್ಟಿದ ಬೆರಳು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಮೊಟ್ಟೆಯ ಗಾಳಿ ತಾಕಿದ ಮೇಲೆ, ಬೆವರಿನ ಜಿಡ್ಡು ಇದ್ದಲ್ಲಿ ಬಣ್ಣ ಬೇರೆ ಥರ ಹತ್ತಿ ಗೆರೆ ಗೆರೆಯಾಗಿ ಏಳುತ್ತದೆ. ಒಮ್ಮೆ ಎದ್ದರೆ ಮುಗಿಯಿತು, ಆ ನಾಣ್ಯವನ್ನು ಕೊಳ್ಳುವವರಿಲ್ಲ. ಇಲ್ಲಿ ಡೆಲ್ಮರನ ಮೊಟ್ಟೆಗಳೇ ಕಳ್ಳನ ಬೆರಳನ್ನು ಅಚ್ಚು ಹಾಕಿ ಕೊಟ್ಟಿದ್ದವು.  ಇದು ಇವನದೇ ಬೆರಳಾಗಿದ್ದರೆ ಮಾರ್ಲಿಸ್ ಉಳಿದಳು.

ಚೀಲದಿಂದ ಭೂತಗನ್ನಡಿ ತೆಗೆದು ಕಣ್ಣಿಗಿಟ್ಟೆ.

“ಅಯ್ಯೋ, ಅದಾ? ಅದು ಹೆಣ ಮಿಸ್. ಬಿಡಿ ಅದನ್ನ,” ಎಂದ ಡೆಲ್ಮರ್, ಕಾಫಿ ಲೋಟ ಕೈಯಲ್ಲಿಟ್ಟುಕೊಂಡೇ.

ನಾನು ಮಾತಾಡಲಿಲ್ಲ. ತೆರೆದ ನಾಣ್ಯದ ಮೇಲೆ ನಮ್ಮವರು ಯಾರೂ ಬಾಯಿ ಬಿಡುವುದಿಲ್ಲ. ಒಂದು ಹನಿ ಎಂಜಲು ಹಾರಿದರೂ ಕಾಲಾಂತರದಲ್ಲಿ ಕಪ್ಪು ಚುಕ್ಕೆಯಾಗುತ್ತದೆ. ಹಾಳಾದ ನಾಣ್ಯದ ಮೇಲೂ ಆ ಅಭ್ಯಾಸ ನನ್ನ ತುಟಿಯನ್ನು ಹೊಲಿದುಬಿಟ್ಟಿತು. ಅದು ಗೊತ್ತಿದ್ದ ಡೆಲ್ಮರ್ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತ.

“ಸರಿ, ನೋಡಿ. ನೀವು ನೋಡ್ತಾ ಇರಿ, ನಾನು ಹೇಳ್ತಾ ಇರ್ತೀನಿ. ಹೌದು, ವರ್ಲಿನ್‌ದೇ. ಸಾಯೋ ಹಿಂದಿನ ದಿನ ಬಂತು. ಯಾರು ತಂದ್ರು ಅಂತ ನಿಮ್ಮ ಕೈಲಿರೋ ಗಾಜೇ ಹೇಳುತ್ತೆ.”

ಗೆರೆಗಳು ಸುರುಳಿಯಾಗಿ ಮೇಲೇರಿ, ನಡುವೆ ಒಂದು ಕಡೆ ಥಟ್ಟನೆ ನಿಂತುಹೋಗಿದ್ದವು. ಅಲ್ಲಿ ಗೆರೆಯೇ ಇಲ್ಲದ, ಚಂದ್ರನ ಚೂರಿನಂಥ ಒಂದು ನುಣುಪು ಜಾಗ. ಆಚೆ ಮತ್ತೆ ಗೆರೆಗಳು.

ಆ ಚೂರು ನನಗೆ ಗೊತ್ತು. ಮಾರ್ಲಿಸ್ ಹದಿನಾರರ ಬೇಸಿಗೆಯಲ್ಲಿ ಮಾಂಸದಂಗಡಿಯಲ್ಲಿ ಕೆಲಸಕ್ಕಿದ್ದಳು. ಸಾಸೇಜ್ ಕತ್ತರಿಸುವ ಯಂತ್ರ ಅವಳ ಬಲ ಹೆಬ್ಬೆರಳಿನ ಮಾಂಸವನ್ನು ಒಂದು ಬಿಲ್ಲೆಯ ಹಾಗೆ ಎತ್ತಿಕೊಂಡು ಹೋಗಿತ್ತು. ಟವಲು ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ದಾರಿಯುದ್ದಕ್ಕೂ ಅವಳು, “ಅಪ್ಪನಿಗೆ ಹೇಳ್ಬೇಡಿ ಇನೆಜ್ ಆಂಟಿ” ಎಂದು ಅಳುತ್ತಿದ್ದಳು.

“ಕಾಗದದ ಕರವಸ್ತ್ರದಲ್ಲಿ ಸುತ್ಕೊಂಡು ತಂದಳು,” ಡೆಲ್ಮರ್ ಹೇಳುತ್ತಲೇ ಇದ್ದ. ಅವನ ಬಾಯಿಯಿಂದ ಹಳದಿಯ ಪುಡಿ ಮೇಜಿಗೆ ಉದುರುತ್ತಿತ್ತು. “ಅಪ್ಪನ ಡಾಲರು, ಬೇಗ ದುಡ್ಡು ಕೊಟ್ಟು ಕಳಿಸಿ ಅಂದಳು. ಮಾರನೇ ದಿನ ಮನೇಲಿ ಅಪ್ಪ ಮಗಳ ಜಗಳ. ಪಕ್ಕದ ಮನೆಯೋರೇ ಕೇಳಿದ್ದಾರೆ. ಸಂಜೆಗೆ ಮುದುಕ ಮೆಟ್ಟಿಲ ಕೆಳಗೆ. ನಾನೇನೂ ಅವಳೇ ನೂಕಿದಳು ಅಂತ ಹೇಳ್ತಿಲ್ಲ. ನಾನು ಯಾರು ಹೇಳೋಕೆ?”

ನಾಣ್ಯವನ್ನು ಮೇಜಿನ ಮೇಲಿದ್ದ ಖಾಲಿ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಮುಚ್ಚಿದೆ. ಈಗ ಮಾತಾಡಬಹುದಿತ್ತು. 

“ಸುಳ್ಳು,” ಎಂದೆ. 

“ಬೆರಳು ಸುಳ್ಳು ಹೇಳುತ್ತಾ?”

“ಪೊಲೀಸ್ ಡೆಪ್ಯುಟಿಗೆ ಯಾಕೆ ಹೇಳಲಿಲ್ಲ ನೀನು?”

“ಹೇಳಿದ್ರೆ ಕದ್ದ ಮಾಲು ಕೊಂಡೋನು ನಾನಾಗ್ತೀನಿ. ಆಮೇಲೆ ಈ ಡಬ್ಬಿಗಳನ್ನೂ ನೋಡ್ತಾರೆ.” ಅವನು ಮುಂದಕ್ಕೆ ಬಾಗಿದ. “ಕೇಳಿ ಮಿಸ್. ನೀವು ನನ್ನನ್ನ ಕಂಡ್ರೆ ಹುಳ ಕಂಡ ಹಾಗೆ ಆಡ್ತೀರಿ. ಆಡಿ, ನನಗೇನೂ ಬೇಜಾರಿಲ್ಲ. ಆದ್ರೆ ಇಬ್ಬರಿಗೂ ಒಂದೇ ಮಾತು ಸಾಕು. ಬಣ್ಣ ಹಳೇದು. ಅಷ್ಟೇ.”

“ಅಂದ್ರೆ?”

“ಬಣ್ಣ ಹಳೇದು ಅಂದ್ರೆ ಇದು ವರ್ಲಿನ್ ನಾಣ್ಯ ಅಲ್ಲ. ಅವನದ್ದು ಬಿಳಿ ಅಂತ ಊರೇ ನೋಡಿದೆ. ಎರಡು ವರ್ಷದ ಹಿಂದೆ ಯಾರೋ ದಾರಿಹೋಕನ ಹತ್ರ ಕೊಂಡೆ ಅಂತೀನಿ. ಯಾರದೋ ಬೆರಳು, ಯಾರದೋ ನಾಣ್ಯ. ಮಾರ್ಲಿಸ್ ಉಳಿದಳು. ನನ್ನ ಬಣ್ಣದ ಡಾಲರುಗಳ ಮೇಲೆ ಅನುಮಾನ ಪಡೋರಿಗೂ, ಟೋಲ್ಜ್‌ಮನ್ ಮಿಸ್ಸೇ ನೋಡಿ ಸಹಜ ಬಣ್ಣ ಅಂದಿದ್ದಾರೆ ಅಂತ ಹೇಳ್ತೀನಿ. ನಿಮ್ಮ ಮಾತು ಅಂದ್ರೆ ಈ ಜಿಲ್ಲೇಲಿ ಬೈಬಲ್ಲು.”

ಅವನ ಉಗುರುಗಳ ಸಂದಿಯಲ್ಲಿ ಹಳದಿ ಒಣಗಿ ಕೂತಿತ್ತು. ನನಗೆ ಆ ಉಗುರುಗಳನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎದ್ದು ಹೋಗಿಬಿಡಬೇಕು, ಮನೆಗೆ ಹೋಗಿ ಬಿಸಿನೀರಿನಲ್ಲಿ ಮೈ ತಿಕ್ಕಿಕೊಳ್ಳಬೇಕು ಎನಿಸಿತು. ಆದರೆ ಎದ್ದರೆ ಆ ನಾಣ್ಯ ಇವನ ಬಳಿಯೇ ಉಳಿಯುತ್ತದೆ. ನಾನು ತೆಗೆದುಕೊಂಡು ಹೋದರೆ ಇವನು ಬಾಯಿಬಿಡುತ್ತಾನೆ.

ಹೊರಗೆ ಕಾರು ನಿಂತ ಸದ್ದು.

ಕಿಟಕಿಯಿಂದ ನೋಡಿದೆ. ಶೆರಿಫ್ ಕಚೇರಿಯ ಕಾರು, ಕರಗುತ್ತಿದ್ದ ಮಂಜಿನ ರಾಡಿಯಲ್ಲಿ. ಹಿಂದಿನ ಗಾಜುಗಳ ಮೇಲೆ ಬಿಸಿಲು ಬಿದ್ದು ಒಳಗೇನೂ ಕಾಣುತ್ತಿರಲಿಲ್ಲ. ಡೆಪ್ಯುಟಿ ರಾಯ್ಸ್ ಎಬರ್ಟ್ ಇಳಿದು, ಟೋಪಿ ಸರಿಮಾಡಿಕೊಂಡು, ಅಂಗಳದ ಮೆಟ್ಟಿಲು ಹತ್ತಿದ.

“ನೀವು ಕರೆಸಿದ್ರಾ?” ಡೆಲ್ಮರನ ದನಿ ಮೊದಲ ಸಲ ತೆಳುವಾಯಿತು.

“ಇಲ್ಲ.”

“ಹಾಗಾದ್ರೆ ನಿಮ್ಮ ಇಷ್ಟ, ಮಿಸ್. ಒಂದೇ ಮಾತು.”

ಮುಚ್ಚಳಗಳನ್ನು ಹಾಕಿ, ಡಬ್ಬಿಗಳನ್ನು ರಾಶಿ ಮಾಡಿ ಫ್ರಿಜ್ಜಿನೊಳಗೆ ತುರುಕಲು ಅವನಿಗೆ ಅರೆಗಳಿಗೆಯೂ ಹಿಡಿಯಲಿಲ್ಲ. ಎಷ್ಟು ಸಲ ಮಾಡಿದ್ದನೋ. ಗೋಡೆ ಡಾಲರೊಂದನ್ನೇ ಮೇಜಿನ ನಡುವೆ ಬಿಟ್ಟ.

ಎಬರ್ಟ್ ಒಳಗೆ ಬಂದವನೇ ಮೂಗು ಕಿವುಚಿದ. “ಏನಯ್ಯಾ ಇದು, ಮನೇಲಿ ಯಾರಾದ್ರೂ ಸತ್ತಿದ್ದಾರಾ?”

“ಚರಂಡಿ ಕಟ್ಟಿದೆ ಡೆಪ್ಯುಟಿ. ಪ್ಲಂಬರ್‌ಗೆ ಹೇಳಿ ಹೇಳಿ ಸಾಕಾಯ್ತು.”

“ಮಿಸ್ ಟೋಲ್ಜ್‌ಮನ್, ನಿಮ್ಮ ಮನೆಗೆ ಹೋಗಿದ್ದೆ, ಬೀಗ ಹಾಕಿತ್ತು. ನಿಮ್ಮ ಕಾರು ಇಲ್ಲಿ ಕಾಣಿಸ್ತು. ಒಳ್ಳೇದೇ ಆಯ್ತು, ಇಬ್ಬರೂ ಒಂದೇ ಕಡೆ ಸಿಕ್ಕಿದ್ರಿ.” ಅವನ ಕಣ್ಣು ಮೇಜಿನ ಮೇಲೆ ಬಿತ್ತು. “ಇದೇನಾ ಗೋಡೆ ಡಾಲರು ಅಂದ್ರೆ?”

ಡೆಲ್ಮರ್ ನನ್ನ ಕಡೆ ನೋಡಿದ.

ಎಬರ್ಟ್ ಡಬ್ಬಿಯನ್ನು ಬೆಳಕಿಗೆ ಹಿಡಿದ. “ಬೆರಳು ಗುರುತು ಇದೆ. ಮಿಸ್, ನೀವು ನೋಡಿದ್ರಾ ಇದನ್ನ? ಈ ಬಣ್ಣ ಹೇಗೆ ಬಂದಿದ್ದು? ಈಚೆಗೆ ಹತ್ತಿಸಿದ್ದೋ, ತಾನಾಗೇ ಬಂದಿದ್ದೋ?”

ಇಷ್ಟು ವರ್ಷ ನಾನು ಬೆಳ್ಳಿಯ ಬಗ್ಗೆ ಒಂದೂ ಸುಳ್ಳು ಹೇಳಿದವಳಲ್ಲ. ಇದು ವರ್ಷಗಟ್ಟಲೆ ಮಾಗಿದ ಬಣ್ಣವಲ್ಲ ಎಂದು ಹೇಳಲು ಗಾಜೂ ಬೇಕಿರಲಿಲ್ಲ. ಬಣ್ಣ ಮೂತಿಗೆ ಬಳಿದ ರಂಗಿನ ಹಾಗೆ ಗೋಡೆಯ ಮೇಲೂ ಕೈಯ ಮೇಲೂ ಒಂದೇ ಸಮ ಹರಿದಿತ್ತು. ಆದರೆ ಕಣ್ಣೆದುರಿಗೆ ಬಂದದ್ದು ರಕ್ತದ ಟವಲು, ಹದಿನಾರರ ಹುಡುಗಿ.

“ಹಳೆಯದು,” ಎಂದೆ. “ಸಹಜವಾಗಿ ಬಂದ ಬಣ್ಣ. ಇಷ್ಟು ಗಾಢ ಆಗೋಕೆ ಕಡಿಮೆ ಅಂದ್ರೂ ಹತ್ತಿಪ್ಪತ್ತು ವರ್ಷ ಬೇಕು. ಇದು ವರ್ಲಿನ್ ನಾಣ್ಯ ಆಗಿರೋಕೆ ಸಾಧ್ಯವೇ ಇಲ್ಲ.”

ಮೊಟ್ಟೆಯ ವಾಸನೆ ಈಗ ನನ್ನ ಬಾಯಿಯಿಂದಲೇ ಬರುತ್ತಿದೆ ಎನಿಸಿತು.

ಡೆಲ್ಮರ್ ಮೆಲ್ಲಗೆ ಉಸಿರು ಬಿಟ್ಟ. ಎಬರ್ಟ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ.

“ಖಚಿತವಾಗಿ ಹೇಳ್ತಿದ್ದೀರಾ?”

“ಖಚಿತವಾಗಿ.”

“ಅಯ್ಯೋ ಪಾಪ,” ಎಂದ ಅವನು. ಅದು ನನಗೆ ಹೇಳಿದ್ದಲ್ಲ. “ನಾನು ಆ ಹುಡುಗೀನ ಹೆಚ್ಚುಕಡಿಮೆ ನಂಬಿಬಿಟ್ಟಿದ್ದೆ.”

“ಯಾರನ್ನ?”

“ಮಾರ್ಲಿಸ್‌ನ. ಬೆಳಿಗ್ಗೆ ತಾನಾಗೇ ಬಂದಳು. ವರ್ಲಿನ್‌ಗೆ ಈ ಡೆಲ್ಮರ್ ಮಾರೋ ಬಣ್ಣದ ನಾಣ್ಯಗಳ ಮೇಲೆ ಅನುಮಾನ ಇತ್ತಂತೆ. ತನ್ನ ಬಿಳಿ ಡಾಲರನ್ನ ತಾನೇ ಮಗಳ ಕೈಗೆ ಕೊಟ್ಟು, ಗೋಡೆ ಮೇಲೆ ಹೆಬ್ಬೆರಳು ಒತ್ತು, ಇದನ್ನ ಡೆಲ್ಮರ್‌ಗೆ ಮಾರಿ ಬಾ ಅಂದನಂತೆ. ಬಣ್ಣ ಹತ್ತಿ ಮತ್ತೆ ಕಾಣಿಸ್ಕೊಂಡ್ರೆ ನಿನ್ನ ಬೆರಳೇ ಸಾಕ್ಷಿ, ನನ್ನದೇ ನಾಣ್ಯ ಅಂತ ಸಾಬೀತು ಮಾಡ್ತೀನಿ ಅಂತ.”

ನನ್ನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

“ಜಗಳ ಆಗಿದ್ದೂ ಅದಕ್ಕೇ ಅಂತೆ. ದೊಡ್ಡಪ್ಪನ ನೆನಪಿನ ನಾಣ್ಯ ಹಾಳು ಮಾಡಿಸಿಬಿಟ್ರಲ್ಲ ಅಂತ ಮಾರನೇ ದಿನ ಅವಳು ಅಪ್ಪನ ಮೇಲೆ ಕೂಗಾಡಿದಳಂತೆ. ಆ ಸಿಟ್ಟಲ್ಲಿ, ಬಣ್ಣ ಹತ್ತೋವರೆಗೂ ಕಾಯದೆ, ಅವತ್ತು ಮಧ್ಯಾಹ್ನವೇ ವರ್ಲಿನ್ ಡೆಲ್ಮರ್‌ಗೆ ಫೋನ್ ಮಾಡಿ, ನಿನ್ನ ಆಟ ಮುಗೀತು ಅಂದದ್ದನ್ನ ಅವಳು ಕೇಳಿಸ್ಕೊಂಡಿದ್ದಾಳಂತೆ. ಸಂಜೆ ಅಪ್ಪ ಸತ್ತ. ಹೆದರಿ ಬಾಯಿ ಮುಚ್ಕೊಂಡಿದ್ದಳು. ಸಂಘದೋರಿಗೆ ಯಾರಿಗೂ ಹೇಳಬಾರದು ಅಂತ ಅಪ್ಪ ಮಾತು ತಗೊಂಡಿದ್ದನಂತೆ, ನಿಮ್ಮನ್ನೂ ಸೇರಿಸಿ.”

ಡೆಲ್ಮರ್ ಕದಲಲಿಲ್ಲ. ಅವನಿಗೂ ಇದು ಹೊಸದೆಂದು ಮುಖವೇ ಹೇಳುತ್ತಿತ್ತು. ಬೆರಳು ಬೇಕೆಂದೇ ಒತ್ತಿದ್ದೆಂದು ಅವನಿಗೂ ತಿಳಿದಿರಲಿಲ್ಲ. ಆಮೇಲೆ ಆ ಮುಖದಲ್ಲಿ, ಒಂದು ಮೂಲೆಯಿಂದ ಶುರುವಾಗಿ, ನಗೆ ಹತ್ತಿತು.

“ಬಣ್ಣ ಮೂರು ವಾರದ್ದಾದ್ರೆ ಅವಳು ಹೇಳಿದ್ದೆಲ್ಲ ನಿಜ,” ಎಬರ್ಟ್ ಮುಂದುವರಿಸಿದ. “ಇವನನ್ನ ಇವತ್ತೇ ಎಳ್ಕೊಂಡು ಹೋಗ್ತಿದ್ದೆ. ಬಣ್ಣ ಹಳೇದಾದ್ರೆ, ಆ ಬೆರಳು ಯಾರದ್ದೋ, ಯಾವ ಕಾಲದ್ದೋ. ಅವಳು ಹೇಳಿದ್ದೆಲ್ಲ ಕಟ್ಟುಕತೆ. ಮೊದಲು ಕದ್ದಳು, ಆಮೇಲೆ ಸತ್ತ ಅಪ್ಪನ ಹೆಸರಲ್ಲಿ ಕತೆ ಕಟ್ಟಿದಳು ಅಂತಾಗುತ್ತೆ.”

“ಮಿಸ್ ಅಂಥೋರು ಮಾತು ಬದಲಿಸೋರಲ್ಲ ಡೆಪ್ಯುಟಿ,” ಎಂದ ಡೆಲ್ಮರ್, ಬಹಳ ಮರ್ಯಾದೆಯಿಂದ. “ಬದಲಿಸಿದ್ರೂ ಯಾರು ನಂಬ್ತಾರೆ? ತಂಗಿ ಮಗಳನ್ನ ಉಳಿಸೋಕೆ ಹೇಳ್ತಿದ್ದಾರೆ ಅಂತಾರೆ.”

ನಾನು ಎದ್ದೆ.  “ಡೆಪ್ಯುಟಿ, ಆ ಫ್ರಿಜ್ಜು...” ಎಂದು ಶುರುಮಾಡಿದೆ.

ಎಬರ್ಟ್ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಮೋಡ ಬಂದು ಕಾರಿನ ಗಾಜಿನ ಮೇಲಿನ ಬಿಸಿಲು ಹೋಗಿತ್ತು. ಹಿಂದಿನ ಸೀಟಿನಲ್ಲಿ ಮಾರ್ಲಿಸ್ ಕೂತಿದ್ದಳು. ಕಿಟಕಿಯಲ್ಲಿ ನನ್ನನ್ನು ಕಂಡು, ಮೂರು ವಾರಗಳಲ್ಲಿ ಮೊದಲ ಸಲ, ನಕ್ಕಳು.

“ಅವಳೇ ಹಟ ಹಿಡಿದು ಕರ್ಕೊಂಡು ಬಂದಳು,” ಎಂದ ಎಬರ್ಟ್. “ಬೇರೆ ಯಾರೂ ಬೇಡ, ಇನೆಜ್ ಆಂಟಿ ಒಂದು ಸಲ ನೋಡಿದ್ರೆ ಸಾಕು, ಅವರು ಏನು ಹೇಳ್ತಾರೋ ಅದಕ್ಕೆ ನಾನು ಬದ್ಧ ಅಂದಳು.”

ಅವನು ಟೋಪಿ ಹಾಕಿಕೊಂಡು ಎದ್ದ.

“ಈಗ ಅವಳಿಗೆ ಹೋಗಿ ಏನಂತ ಹೇಳಲಿ, ಮಿಸ್?”